ಕಲ್ಲಿಗೆ ವಕೀಲರಿದ್ದಾರೆ, ಕಲ್ಲಿನ ಕೆಳಗಿರೋರಿಗೆ ಯಾರಿದ್ದಾರೆ?



ಉದ್ದದ ಬರಹ ಇದು. ಬಿಡುವು ಮಾಡ್ಕೊಂಡು ಪೂರ್ತಿ ಓದಿ. ಒಪ್ಪದೇ ಇದ್ರೆ ಕೆಳಗೆ ಜಗಳ ಆಡೋಣ, ಆದ್ರೆ ಓದಿ ಆಡೋಣ.

ಸ್ವಲ್ಪ ದಿನದ ಹಿಂದೆ ಒಂದು ಜಿಲ್ಲಾ ಕಚೇರಿಗೆ ಹೋಗಿದ್ದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆದು. ನನ್ನ ಜೊತೆ ಒಂದು ಕಾಲೋನಿಯ ಏಳೆಂಟು ಜನ ಇದ್ರು. ಬೆಟ್ಟದ ಬುಡದಲ್ಲಿ ಇವರ ಮನೆಗಳು, ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಕಲ್ಲು ಕ್ವಾರಿ. ಮಧ್ಯಾಹ್ನ ಬ್ಲಾಸ್ಟ್ ಆದ್ರೆ ಅಡುಗೆಮನೆ ಪಾತ್ರೆ ನಡುಗುತ್ತೆ. ಗೋಡೆ ಬಿರುಕು ಬಿಟ್ಟಿವೆ. ಕಾಲೋನಿಗೆ ಇದ್ದ ಒಂದೇ ಒಂದು ಬೋರ್‌ವೆಲ್ ಬತ್ತಿದೆ. ಅರ್ಜಿ ಹಿಡ್ಕೊಂಡು ಹೋದ್ವಿ.

ಅಲ್ಲಿದ್ದ ಜಿಯಾಲಜಿಸ್ಟ್ ಒಳ್ಳೇ ಮನುಷ್ಯ. ಕೂರಿಸಿ ನೀರು ಕೊಟ್ಟು ಮಾತಾಡಿಸಿದ್ರು. ನಮ್ಮ ಜೊತೆ ಬಂದಿದ್ದ ಅಜ್ಜಿ ಕೇಳಿದ್ರು, "ಸಾಮಿ, ನಮ್ಮ ಬೋರು ಯಾಕೆ ಬತ್ತೋಯ್ತು ಅಂತ ನೀವು ಬಂದು ನೋಡಿ ಹೇಳ್ತೀರಾ?"

ಅವರು ಹೇಳಿದ್ದು: "ಅಮ್ಮ, ನಾವು ಎಷ್ಟು ಕಲ್ಲು ಹೋಯ್ತು, ಎಷ್ಟು ರಾಜಧನ ಬಂತು ಅಂತ ನೋಡ್ತೀವಿ. ನೀರಿಂದು ಅಂತರ್ಜಲ ನಿರ್ದೇಶನಾಲಯದವರು ನೋಡ್ಬೇಕು. ಬ್ಲಾಸ್ಟಿಂಗ್ ಅಂದ್ರೆ ಗಣಿ ಸುರಕ್ಷತೆಯವರು, ಅದು ಸೆಂಟ್ರಲ್ ಗೌರ್ಮೆಂಟು. ಧೂಳು ಅಂದ್ರೆ ಮಾಲಿನ್ಯ ಮಂಡಳಿ. ಜಮೀನಿನ ತಕರಾರು ತಹಶೀಲ್ದಾರ್ ಹತ್ರ."

ಅಜ್ಜಿ ಸುಮ್ಮನೆ ಕೇಳಿಸ್ಕೊಂಡು ಕೇಳಿದ್ರು: "ಬೆಟ್ಟ ಒಂದೇ ಅಲ್ವಾ ಸಾಮಿ?"

ಆ ಅಧಿಕಾರಿ ಉತ್ತರ ಕೊಡ್ಲಿಲ್ಲ. ಅವರ ತಪ್ಪೇನೂ ಇಲ್ಲ. ಕಾನೂನು ಅವರಿಗೆ ಕೊಟ್ಟಿರೋ ಕೆಲಸಾನೇ ಅಷ್ಟು. ನನ್ನ ಜಗಳ ಆ ಕಾನೂನಿನ ಜೊತೆ.

ಹಿಂದೆ ಇದೇ ಕಾಲೋನಿ ವಿಷಯ ಹೈಕೋರ್ಟಿಗೂ ಹೋಗಿತ್ತು. ಜನ ಗಲಾಟೆ ಮಾಡಿದ ಮೇಲೆ ಕ್ವಾರಿ ಕೆಲಸ ಸ್ವಲ್ಪ ದಿನ ನಿಲ್ಲಿಸೋಕೆ ಆದೇಶ ಆಯ್ತು. ಕ್ವಾರಿಯವರು ಹೈಕೋರ್ಟಿಗೆ ಹೋದ್ರು. ಅವರ ಪರ ಹಿರಿಯ ವಕೀಲರು ನಿಂತ್ರು. ಸರ್ಕಾರದ ಪರ ಸರ್ಕಾರಿ ವಕೀಲರು ನಿಂತ್ರು. ಇಲಾಖೆ ಹಾಕಿದ ಆಕ್ಷೇಪಣೆ ನಾನು ಓದಿದೆ. ಕಾಲೋನಿ ಅನ್ನೋ ಪದ ಒಂದು ಸಲಾನೂ ಇರ್ಲಿಲ್ಲ. ಅಲ್ಲಿ ಮಂಜೂರಾತಿ ಜಮೀನು ಇದೆ ಅನ್ನೋ ವಿಷಯಾನೂ ಇರ್ಲಿಲ್ಲ. ಕಾರಿಡಾರ್‌ನಲ್ಲಿ ಸರ್ಕಾರಿ ವಕೀಲರನ್ನ ಹಿಡಿದು ಕೇಳಿದೆ. ಅವರು ನೇರವಾಗೇ ಹೇಳಿದ್ರು: "ನಾನು ಇಲಾಖೆ ಪರ ಕಣ್ರೀ, ನಿಮ್ಮ ಪರ ಅಲ್ಲ. ಇಲಾಖೆ ಏನು ಬರೆದು ಕೊಡುತ್ತೋ ಅದನ್ನ ಹೇಳ್ತೀನಿ." ತಡೆಯಾಜ್ಞೆ ಸಿಕ್ತು. ಕ್ವಾರಿ ಮತ್ತೆ ಶುರುವಾಯ್ತು.

ಅವರು ಹೇಳಿದ್ದೂ ಸತ್ಯಾನೇ. ಅದಕ್ಕೇ ನಾನು ಈ ಬರಹ ಬರೀತಿರೋದು. ಕಲ್ಲು ನೋಡೋ ವಿಜ್ಞಾನಿ ರಾಜಧನದ ಪರ, ಕೋರ್ಟಲ್ಲಿ ಮಾತಾಡೋ ವಕೀಲ ಇಲಾಖೆ ಪರ. ಬೆಟ್ಟದ ಬುಡದಲ್ಲಿರೋರ ಪರ ಕಾನೂನು ಯಾರನ್ನೂ ಇಟ್ಟಿಲ್ಲ. ಗಣಿ ಕಾನೂನಿಗೆ ಎಷ್ಟೇ ತಿದ್ದುಪಡಿ ತಂದ್ರೂ ಈ ಎರಡು ಜಾಗ ಹಾಗೇ ಉಳಿದ್ರೆ ನಮಗೆ ಅದರಿಂದ ಏನೂ ಸಿಗಲ್ಲ. ಇದು ನನ್ನ ವಾದ.

*

ಮೊದಲು ಇಲಾಖೆ ಕಡೆ ಬರೋಣ.

ಈ ಇಲಾಖೆ ಇವತ್ತಿಂದಲ್ಲ. 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲೇ, 1880ರ ದಶಕದಲ್ಲಿ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯೋಕೆ ಶುರು ಮಾಡಿತ್ತು. ನೆಲದಡಿ ಏನಿದೆ ಅಂತ ಗುರುತು ಮಾಡಿ, ಎಲ್ಲಿ ತೆಗೆದ್ರೆ ಲಾಭ ಅಂತ ನಕ್ಷೆ ಬರೆಯೋದು ಅವತ್ತಿನ ಭೂವಿಜ್ಞಾನದ ಮುಖ್ಯ ಕೆಲಸ. ಆ ನಕ್ಷೆಯಲ್ಲಿ ಬಂಡೆ ಇತ್ತು, ಅದಿರು ಇತ್ತು, ಜನ ಇರ್ಲಿಲ್ಲ. ಕೆಜಿಎಫ್‌ನಲ್ಲಿ ಸಾವಿರಾರು ಅಡಿ ಕೆಳಗಿಳಿದು ದುಡಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ, ಚಿತ್ತೂರು ಕಡೆಯಿಂದ ಬಂದ ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೈನೈಡ್ ಗುಡ್ಡಗಳು ಹಾಗೇ ಉಳಿದ್ವು. ಗಾಳಿ ಬೀಸಿದ್ರೆ ಆ ಧೂಳು ಇವತ್ತಿಗೂ ಅವರ ಮನೆ ಒಳಗೇ ಹೋಗೋದು. 2024ರ ಜೂನ್‌ನಲ್ಲಿ ಆ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯೋಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡದಲ್ಲಿ ಇನ್ನೂ ಚಿನ್ನ ಇದೆ ಅಂತ ಲೆಕ್ಕ ಹಾಕೋಕೆ ವಿಜ್ಞಾನ ಇದೆ. ಆ ಧೂಳು ಕುಡಿದ ಶ್ವಾಸಕೋಶದ ಲೆಕ್ಕ ಹಾಕೋಕೆ ಅದೇ ವಿಜ್ಞಾನಕ್ಕೆ ಯಾರೂ ಆದೇಶ ಕೊಟ್ಟಿಲ್ಲ.

ಕಟ್ಟಡದ ಕಲ್ಲು, ಜಲ್ಲಿ, ಎಂ-ಸ್ಯಾಂಡ್ ವಿಷಯಕ್ಕೆ ಬಂದ್ರೆ ಅವೆಲ್ಲ ಕಾನೂನಿನ ಭಾಷೆಯಲ್ಲಿ ಉಪಖನಿಜ. 1957ರ ಕೇಂದ್ರ ಗಣಿ ಕಾಯ್ದೆಯ 15ನೇ ಕಲಂ ಉಪಖನಿಜದ ನಿಯಮ ಮಾಡೋ ಅಧಿಕಾರವನ್ನ ರಾಜ್ಯಕ್ಕೇ ಕೊಟ್ಟಿದೆ. ನಮ್ಮಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳಿವೆ, ಎಷ್ಟೋ ಸಲ ತಿದ್ದುಪಡಿ ಆಗಿವೆ. ಕ್ರಷರ್‌ಗಳಿಗೆ 2011ರ ಪ್ರತ್ಯೇಕ ಕಾಯ್ದೆ ಇದೆ. ಅಂದ್ರೆ ಕೇಂದ್ರ ಬಿಡ್ತಿಲ್ಲ ಅಂತ ಬೆಂಗಳೂರಿನವರು ನೆಪ ಹೇಳೋ ಹಾಗಿಲ್ಲ. ಪೆನ್ನು ವಿಧಾನಸೌಧದ ಕೈಲೇ ಇದೆ.

ಕ್ವಾರಿ ನಡೆಸೋಕೆ ಕ್ವಾರಿ ಯೋಜನೆ ಅಂತ ಒಂದು ದಾಖಲೆ ಬೇಕು. ಎಷ್ಟು ಆಳ ತೋಡ್ತಾರೆ, ಎಷ್ಟು ಕಲ್ಲು, ಎಲ್ಲಿ ಮಣ್ಣು ಹಾಕ್ತಾರೆ, ಮುಗಿದ ಮೇಲೆ ಗುಂಡಿ ಏನು ಮಾಡ್ತಾರೆ, ಎಲ್ಲ ಅದರಲ್ಲಿರಬೇಕು. ಅದನ್ನ ಬರೆಯೋದು ಮಾನ್ಯತೆ ಪಡೆದ ತಜ್ಞ. ಆ ತಜ್ಞರಿಗೆ ಫೀಸು ಕೊಡೋದು ಯಾರು? ಕ್ವಾರಿ ಮಾಲೀಕ. ಇಲಾಖೆ ಅದನ್ನ ನೋಡಿ ಮಂಜೂರು ಮಾಡುತ್ತೆ. ನಾನು ನೋಡಿರೋ ಯೋಜನೆಗಳೆಲ್ಲ ಇಂಗ್ಲಿಷಿನಲ್ಲೇ ಇದ್ವು. ಗುಂಡಿ ಪಕ್ಕದಲ್ಲಿ ಬದುಕೋರ ಕೈಗೆ ಅದು ಬರೋದು ಆರ್‌ಟಿಐ ಹಾಕಿದ ಮೇಲೆ, ಅದೂ ಅದೃಷ್ಟ ಇದ್ರೆ.

ಇನ್ನು ಇಲಾಖೆಗೆ ಪ್ರತಿ ವರ್ಷ ಸರ್ಕಾರ ರಾಜಧನದ ಗುರಿ ಕೊಡುತ್ತೆ. ಇಷ್ಟು ಕೋಟಿ ತರಬೇಕು ಅಂತ. ಗುರಿ ಮುಟ್ಟಬೇಕಾದ ಇಲಾಖೆನೇ ಕ್ವಾರಿ ತಪ್ಪನ್ನೂ ಹಿಡೀಬೇಕು. ಹೆಂಡದ ಗುತ್ತಿಗೆ ವಸೂಲಿ ಮಾಡೋನನ್ನೇ ಪಾನನಿಷೇಧ ಸಂಘದ ಅಧ್ಯಕ್ಷ ಮಾಡಿದ ಹಾಗೆ ಇದು.

*

ಈ ಕಲ್ಲಿಗೂ ನಮಗೂ ಏನು ಸಂಬಂಧ ಅಂತ ಕೇಳೋರಿಗೆ ಒಂದು ಮಾತು.

ಕರ್ನಾಟಕದಲ್ಲಿ ಬಂಡೆ ಒಡೆಯೋ ಕಸುಬು ಭೋವಿ, ವಡ್ಡರ ಸಮುದಾಯದ್ದು. ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋರು. ಕೆರೆ ಕಟ್ಟೆ, ಕೋಟೆ, ದೇವಸ್ಥಾನದ ಪಾಯ ಎಲ್ಲಾದ್ರಲ್ಲೂ ಇವರ ಬೆವರಿದೆ. ಇವರು ಸುತ್ತಿಗೆ ಉಳಿ ಹಿಡಿದು ಒಡೀತಿದ್ದ ಕಾಲ ಹೋಯ್ತು. ಈಗ ಡ್ರಿಲ್, ಹಿಟಾಚಿ, ಕ್ರಷರ್ ಬಂದಿವೆ. ಹರಾಜಿನಲ್ಲಿ ಕೂಗೋಕೆ ಕೋಟಿ ಬೇಕು. ಕಸುಬಿನ ಯಜಮಾನ ಆಗಿದ್ದವನು ಅದೇ ಬಂಡೆಯಲ್ಲಿ ಕೂಲಿಯಾದ. ಬಂಡೆ ಮೇಲೆ ಕೂಲಿ, ಬಂಡೆ ಕೆಳಗೆ ಕಾಲೋನಿ. ಲೀಸು ಮಾತ್ರ ಬೇರೆಯವರ ಹೆಸರಲ್ಲಿ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಸುತ್ತಲಿನ ಊರುಗಳವರು ಭೂಕಂಪ ಅಂದ್ಕೊಂಡು ಹೊರಗೆ ಓಡಿಬಂದ್ರು. ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡೀತು. ಎರಡೂ ಕಡೆ ಸೇರಿ ಹತ್ತಕ್ಕೂ ಹೆಚ್ಚು ಜನ ಹೋದ್ರು. ಟಿವಿಯವರು ಬಂದ್ರು, ಮಂತ್ರಿಗಳು ಬಂದ್ರು, ಪರಿಹಾರ ಘೋಷಣೆ ಆಯ್ತು. ಸಿಡಿಯೋದಕ್ಕೆ ಮೊದಲು ಆ ಜಾಗದ ಬಗ್ಗೆ ಸುತ್ತಮುತ್ತಲ ಜನ ಕೊಟ್ಟ ದೂರನ್ನ ಕೂತು ಕೇಳೋ ಒಂದು ಕಚೇರಿ ಇದ್ದಿದ್ರೆ ಏನಾಗ್ತಿತ್ತು ಅನ್ನೋ ಪ್ರಶ್ನೆ ಮಾತ್ರ ಅಲ್ಲೇ ಉಳೀತು.

ಇನ್ನೊಂದು, ನಮಗೆ ಮಾತ್ರ ಸಂಬಂಧಪಟ್ಟ ವಿಷಯ. ಸರ್ಕಾರ ದಲಿತರಿಗೆ ದರಖಾಸ್ತಿನಲ್ಲಿ ಕೊಟ್ಟ ಜಮೀನು ಎಂಥದ್ದು? ಗೋಮಾಳದ ಅಂಚು, ಬಂಡೆ ಮಗ್ಗುಲು, ಕಲ್ಲು ನೆಲ. ಬೆಳೆ ಬರಲ್ಲ ಅಂತಾನೇ ಕೊಟ್ಟಿದ್ದು. ಈಗ ಅದೇ ಕಲ್ಲಿಗೆ ಬೆಲೆ ಬಂದಿದೆ. ಕ್ವಾರಿಯವರು ಬರ್ತಾರೆ, ಹಿಡುವಳಿದಾರನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸ್ಕೋತಾರೆ, ಒಂದಿಷ್ಟು ದುಡ್ಡು ಕೊಡ್ತಾರೆ. ಹತ್ತು ವರ್ಷ ಆದ್ಮೇಲೆ ಜಮೀನಿನ ಜಾಗದಲ್ಲಿ ಆಳದ ಗುಂಡಿ ಇರುತ್ತೆ. ಪಹಣಿ ನಮ್ಮ ಹೆಸರಲ್ಲೇ ಇರುತ್ತೆ, ನೆಲ ಇರಲ್ಲ.

1978ರ ಪಿಟಿಸಿಎಲ್ ಕಾಯ್ದೆ ತೆಗೆದು ನೋಡಿ. ಮಂಜೂರಾತಿ ಜಮೀನಿನ ಪರಭಾರೆ ಅಂದ್ರೆ ಏನು ಅಂತ 3ನೇ ಕಲಂ ಹೇಳುತ್ತೆ. ಮಾರಾಟ, ದಾನ, ವಿನಿಮಯ, ಅಡಮಾನ, ಗುತ್ತಿಗೆ, ಎಲ್ಲ ಅದರಲ್ಲಿ ಬರುತ್ತೆ. 4ನೇ ಕಲಂ ಪ್ರಕಾರ ಸರ್ಕಾರದ ಮುಂಚಿತ ಅನುಮತಿ ಇಲ್ದೆ ಅದು ಆಗೋ ಹಾಗಿಲ್ಲ. ಹಾಗಿದ್ರೆ ಕ್ವಾರಿಗೆ ಒತ್ತಿಸ್ಕೊಂಡ ಈ ಒಪ್ಪಿಗೆ ಪತ್ರ ಏನು? ನನ್ನ ಪ್ರಕಾರ ಅದು ಗುತ್ತಿಗೆನೇ, ಬೇರೆ ಹೆಸರಲ್ಲಿ. ಕ್ವಾರಿ ಲೀಸ್ ಕೊಡೋ ಮುಂಚೆ ಇದು ಪಿಟಿಸಿಎಲ್ ಜಮೀನಾ ಅಂತ ನೋಡೋದು ಇಲಾಖೆಯ ಕರ್ತವ್ಯ ಅಂತ ನಿಯಮದಲ್ಲೇ ಬರೀಬೇಕು. ಬರೆದಿಲ್ಲದಿದ್ರೆ ಪ್ರತಿ ಹೆಬ್ಬೆಟ್ಟಿಗೂ ಒಂದೊಂದು ಕೇಸು ನಾವು ಹೋರಾಡ್ಬೇಕಾಗುತ್ತೆ, ಒಬ್ಬೊಬ್ಬರೇ.

*

ಈಗ ವಕೀಲರ ವಿಷಯ. ನಮ್ಮ ಚಳವಳಿಗಳು ಇದನ್ನ ಅಷ್ಟಾಗಿ ಹಚ್ಕೊಂಡಿಲ್ಲ. ನಾವು ಕಾಯ್ದೆ ಬೇಕು ಅಂತ ಬೀದಿಗಿಳೀತೀವಿ, ಕಾಯ್ದೆ ಆಯ್ತು ಅಂತ ಸಿಹಿ ಹಂಚ್ತೀವಿ. ಆ ಕಾಯ್ದೆನ ಕೋರ್ಟಲ್ಲಿ ಯಾರು ಕಾಪಾಡ್ತಾರೆ ಅಂತ ಕೇಳಲ್ಲ.

ಪಿಟಿಸಿಎಲ್ ಕಥೇನೇ ತಗೊಳ್ಳಿ. 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ, ಸಮಂಜಸ ಕಾಲದೊಳಗೆ ಅರ್ಜಿ ಹಾಕಿಲ್ಲ ಅಂದ್ರೆ ಜಮೀನು ವಾಪಸ್ ಇಲ್ಲ ಅಂದಿತು. ಆ ಒಂದು ತೀರ್ಪಿನಿಂದ ಎ.ಸಿ., ಡಿ.ಸಿ. ಕೋರ್ಟುಗಳಲ್ಲಿ ನಮ್ಮೋರ ಅರ್ಜಿಗಳು ಸಾಲಾಗಿ ಬಿದ್ದು ಹೋದ್ವು. ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಮಳೆ ಅನ್ನದೆ ತಿಂಗಳುಗಟ್ಟಲೆ ಧರಣಿ ಕೂತ್ವಿ. 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ. ಗೆದ್ವಿ ಅಂದ್ಕೊಂಡ್ವಿ. ಆಮೇಲೂ ಹೈಕೋರ್ಟಿನಲ್ಲಿ ವಿಳಂಬದ ಪ್ರಶ್ನೆ ಏಳ್ತಾನೇ ಇದೆ. ಕಾಲಮಿತಿ ಬೇರೆ, ವಿಳಂಬ ಬೇರೆ ಅಂತ ವಾದ ನಡೀತಾನೇ ಇದೆ. ಶಾಸನಸಭೆ ಕೊಟ್ಟಿದ್ದು ಕೋರ್ಟ್ ಹಾಲ್‌ನಲ್ಲಿ ಉಳಿಯುತ್ತಾ ಇಲ್ವಾ ಅನ್ನೋದು ಅವತ್ತು ಎದ್ದು ನಿಲ್ಲೋ ವಕೀಲರ ಮೇಲಿದೆ. ಅವರಿಗೆ ದರಖಾಸ್ತು ಜಮೀನು ಅಂದ್ರೆ ಏನು, ಅಪ್ಪ ಸತ್ತ ಇಪ್ಪತ್ತು ವರ್ಷ ಆದ್ಮೇಲೂ ಮಗ ಯಾಕೆ ಅರ್ಜಿ ಹಾಕೋಕೆ ಹೆದರ್ತಾನೆ ಅಂತ ಗೊತ್ತಿದ್ರೆ ಒಂಥರ ವಾದ. ಗೊತ್ತಿಲ್ಲದಿದ್ರೆ ಫೈಲ್ ಓದಿ ಕೂತ್ಕೋತಾರೆ.

ಇನ್ನೊಂದು ಕೇಸು ಹೇಳ್ತೀನಿ. 2013ರ ಜುಲೈನಲ್ಲಿ ಕೇರಳದ ಮಲಬಾರಿನ ಜನ್ಮಿ ಹಕ್ಕಿನ ಭೂಮಾಲೀಕರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಕಾನೂನಿನ ಮೂಲಕ ಕಿತ್ತುಕೊಂಡಿಲ್ಲ ಅಂದ್ರೆ ನೆಲದ ಒಡೆಯನೇ ನೆಲದಡಿಯ ಖನಿಜಕ್ಕೂ ಒಡೆಯ ಅಂತ ಹೇಳಿತು. ಆ ಕೇಸಿನಲ್ಲಿ ಎದುರು ಪಕ್ಷ ಯಾರು ಗೊತ್ತಾ? ಅಲ್ಲಿನ ಗಣಿ ಇಲಾಖೆಯ ಜಿಯಾಲಜಿಸ್ಟ್! ಹೆಸರಿನ ಜಾಗದಲ್ಲಿ ಹುದ್ದೆನೇ ಬರೆದಿದೆ. ಭೂಮಾಲೀಕರು ಭೂವಿಜ್ಞಾನ ಇಲಾಖೆ ಮೇಲೆ ಸುಪ್ರೀಂ ಕೋರ್ಟಿನ ತನಕ ಹೋಗಿ ಗೆದ್ದು ಬಂದ್ರು. ನಮ್ಮಲ್ಲಿ ದರಖಾಸ್ತು ಜಮೀನಿನ ಕೂಲಿಕಾರ ಅದೇ ಪ್ರಶ್ನೆ ಇಟ್ಕೊಂಡು ತಾಲ್ಲೂಕು ಕಚೇರಿ ಮೆಟ್ಟಿಲು ದಾಟೋದೇ ಕಷ್ಟ. ನಾಲ್ಕು ಕೋರ್ಟು ಹತ್ತೋಕೆ ದುಡ್ಡೂ ಆಯಸ್ಸೂ ಇರೋರಿಗೆ ಕಾನೂನು ಬದಲಾಗುತ್ತೆ.

ಉಚಿತ ಕಾನೂನು ನೆರವು ಇದೆಯಲ್ಲ ಅಂತೀರಾ? ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ಉಚಿತ ವಕೀಲರು ಸಿಗ್ತಾರೆ. ಎಲ್ಲರೂ ಬಳಸ್ಕೊಳ್ಳಿ, ಇದನ್ನ ನಿಮ್ಮ ಊರಲ್ಲಿ ಎಲ್ಲರಿಗೂ ಹೇಳಿ. ಆದ್ರೆ ಕ್ವಾರಿ ಕೇಸು ಗೆಲ್ಲೋಕೆ ವಕೀಲರು ಮಾತ್ರ ಸಾಲಲ್ಲ. ಬ್ಲಾಸ್ಟ್‌ನಿಂದಲೇ ಗೋಡೆ ಬಿರುಕು ಬಿಟ್ಟಿದ್ದು ಅಂತ ಹೇಳೋ ಅಳತೆ ಬೇಕು. ಕ್ವಾರಿ ಆಳಕ್ಕೆ ಹೋದದ್ದಕ್ಕೇ ಬೋರು ಬತ್ತಿದ್ದು ಅಂತ ಹೇಳೋ ವಿಜ್ಞಾನಿ ಬೇಕು. ಆ ವಿಜ್ಞಾನಿ ಸರ್ಕಾರದ ಹತ್ರ ಇದ್ದಾರೆ, ಮಾಲೀಕನ ಹತ್ರ ಇದ್ದಾರೆ. ವಿಜ್ಞಾನಿ ಇಲ್ಲದ ವಕೀಲ ಕೋರ್ಟಲ್ಲಿ ಕೈ ಮುಗಿದು ನಿಲ್ಲೋಕೆ ಮಾತ್ರ ಆಗುತ್ತೆ. ಅದಕ್ಕೇ ಈ ಎರಡನ್ನೂ ಒಟ್ಟಿಗೆ ಕೇಳ್ತಿದ್ದೀನಿ.

ಸರ್ಕಾರಿ ವಕೀಲರ ನೇಮಕದ ಬಗ್ಗೆಯೂ ಮಾತಾಡ್ಬೇಕು. 2016ರಲ್ಲಿ ಪಂಜಾಬಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ವಕೀಲರ ನೇಮಕ ಮನಸ್ಸಿಗೆ ಬಂದ ಹಾಗೆ ಆಗಬಾರದು, ಪಾರದರ್ಶಕವಾಗಿ ಆಗ್ಬೇಕು ಅಂದಿತು. ಪಂಜಾಬ್ 2017ರಲ್ಲಿ ಅದಕ್ಕೆ ಕಾಯ್ದೆ ಮಾಡಿತು. 2022ರಲ್ಲಿ ಅಡ್ವೊಕೇಟ್ ಜನರಲ್ ಕಚೇರಿಯಲ್ಲಿ ಎಸ್‌ಸಿ ವಕೀಲರಿಗೆ ಅಂತಾನೇ 58 ಹುದ್ದೆ ಇಟ್ಟಿತು. ಅಲ್ಲೇ ಪಾಠ ಇದೆ ನೋಡಿ. ಮೀಸಲಿಟ್ಟ ಹುದ್ದೆ ಪೂರ್ತಿ ತುಂಬಲಿಲ್ಲ. ಯಾಕೆ ಅಂದ್ರೆ ಅರ್ಜಿ ಹಾಕೋಕೆ ವಕೀಲಿಕೆಯಿಂದ ಇಷ್ಟು ಆದಾಯ ಇರಬೇಕು ಅನ್ನೋ ಷರತ್ತು. ಕಕ್ಷಿದಾರರೆಲ್ಲ ಬಡವರಾಗಿರೋ ದಲಿತ ವಕೀಲನಿಗೆ ಎಲ್ಲಿಂದ ಬರಬೇಕು ಆ ಆದಾಯ? 2025ರಲ್ಲಿ ಆ ಷರತ್ತನ್ನ ಸಡಿಲ ಮಾಡೋಕೆ ಮತ್ತೆ ತಿದ್ದುಪಡಿ ತಂದ್ರು. ಮೀಸಲಾತಿ ಕೊಟ್ಟು ಬಾಗಿಲಿಗೆ ಆದಾಯದ ಬೀಗ ಹಾಕಿದ್ರೆ ಏನಾಗುತ್ತೆ ಅಂತ ಅವರು ಕಲಿತ್ರು. ನಾವು ಅವರನ್ನ ನೋಡಿ ಕಲೀಬಹುದು.

ಕರ್ನಾಟಕ ಸರ್ಕಾರಕ್ಕೆ ನನ್ನದು ಮೊದಲು ಒಂದು ಸಣ್ಣ ಕೋರಿಕೆ. ಹೈಕೋರ್ಟಿನ ಮೂರು ಪೀಠಗಳಲ್ಲಿ, ಜಿಲ್ಲೆಗಳಲ್ಲಿ, ನಿಗಮ ಮಂಡಳಿಗಳ ವಕೀಲರ ಪಟ್ಟಿಯಲ್ಲಿ ಎಸ್‌ಸಿ, ಎಸ್‌ಟಿ, ಮಹಿಳೆಯರು ಎಷ್ಟು ಜನ ಇದ್ದಾರೆ, ಯಾರಿಗೆ ಯಾವ ಇಲಾಖೆ ಫೈಲು ಹೋಗುತ್ತೆ ಅಂತ ಪ್ರಕಟಿಸಿ. ಪರಿಶಿಷ್ಟರ ಕೇಸು ಮಾತ್ರ ಪರಿಶಿಷ್ಟ ವಕೀಲರಿಗೆ, ಗಣಿ, ಕಂದಾಯ, ಅಬಕಾರಿಯ ದೊಡ್ಡ ಕೇಸು ಬೇರೆಯವರಿಗೆ ಅಂತ ಹಂಚಿಕೆ ಇದ್ರೆ ಅದೂ ಹೊರಗೆ ಬರ್ಲಿ.

*

ತಿದ್ದುಪಡಿ ಮಾಡೋಕೆ ಟೈಮ್ ಬೇಕು ಅಂತಾರೆ. ಎಷ್ಟು ಟೈಮ್ ಬೇಕು ಅಂತ ನಮಗೆ ಗೊತ್ತಿದೆ. 2024ರ ಜುಲೈ 25ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕೋ ಅಧಿಕಾರ ರಾಜ್ಯಗಳಿಗಿದೆ ಅಂತ ತೀರ್ಪು ಕೊಟ್ಟಿತು. ಡಿಸೆಂಬರ್‌ನಲ್ಲಿ ನಮ್ಮ ಶಾಸನಸಭೆ ಅದಕ್ಕೆ ತೆರಿಗೆ ಮಸೂದೆ ಪಾಸ್ ಮಾಡಿತ್ತು. ಐದು ತಿಂಗಳು. ತಪ್ಪು ಅನ್ನಲ್ಲ ನಾನು, ರಾಜ್ಯಕ್ಕೆ ದುಡ್ಡು ಬರ್ಲಿ. ದುಡ್ಡು ಬರೋ ಕಾನೂನಿಗೆ ಐದು ತಿಂಗಳು ಸಾಕಾದ್ರೆ, ಬೆಟ್ಟದ ಬುಡದ ಕಾನೂನಿಗೆ ಯಾಕೆ ಮುಹೂರ್ತ ಸಿಗ್ತಿಲ್ಲ ಅಂತ ಕೇಳ್ತಿದ್ದೀನಿ.

ದುಡ್ಡೂ ಇದೆ. 2015ರಿಂದ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ, ಡಿಎಂಎಫ್ ಇದೆ. ಕೇಂದ್ರ ಕಾಯ್ದೆಯ 9ಬಿ ಕಲಂ ಅದನ್ನ ಇಟ್ಟಿರೋದೇ ಗಣಿಯಿಂದ ತೊಂದರೆಗೆ ಒಳಗಾದ ಜನರ, ಪ್ರದೇಶದ ಹಿತಕ್ಕೆ. ಹಳೇ ಲೀಸಾದ್ರೆ ರಾಜಧನದ ಮೇಲೆ ಶೇ. 30, ಹರಾಜಿನಲ್ಲಿ ಬಂದ ಲೀಸಾದ್ರೆ ಶೇ. 10 ಕಟ್ಟಬೇಕು. ಉಪಖನಿಜದವರಿಂದಲೂ ವಸೂಲಿ ಮಾಡೋಕೆ 15ಎ ಕಲಂ ರಾಜ್ಯಕ್ಕೆ ಅಧಿಕಾರ ಕೊಟ್ಟಿದೆ. ಈ ದುಡ್ಡಲ್ಲಿ ರಸ್ತೆ ಆಗುತ್ತೆ, ಕಟ್ಟಡ ಆಗುತ್ತೆ. ಪಕ್ಕದ ಕಾಲೋನಿಗೆ ಒಬ್ಬ ಸ್ವತಂತ್ರ ಜಿಯಾಲಜಿಸ್ಟ್ ಕರೆಸೋಕೆ, ಒಬ್ಬ ವಕೀಲರಿಗೆ ಫೀಸು ಕೊಡೋಕೆ ಯಾಕೆ ಆಗಬಾರದು?

ಇದು ಹೊಸ ಯೋಚನೆ ಏನಲ್ಲ. ಬಾಬಾಸಾಹೇಬರು 1942ರಿಂದ 46ರ ತನಕ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ರು. 1943ರ ಡಿಸೆಂಬರ್‌ನಲ್ಲಿ ಧನ್‌ಬಾದ್‌ಗೆ ಹೋಗಿ ಕಲ್ಲಿದ್ದಲು ಗಣಿ ಒಳಗೇ ಇಳಿದು ನೋಡಿದ್ರು. ಮುಂದಿನ ತಿಂಗಳೇ, 1944ರಲ್ಲಿ, ಕಲ್ಲಿದ್ದಲಿನ ಮೇಲೆ ಸೆಸ್ ಹಾಕಿ ಗಣಿ ಕಾರ್ಮಿಕರ ಕಲ್ಯಾಣ ನಿಧಿಗೆ ಸುಗ್ರೀವಾಜ್ಞೆ ಬಂತು. ನೆಲದಿಂದ ತೆಗೆದ ಸಂಪತ್ತಿನಲ್ಲಿ ಒಂದು ಪಾಲು ಅದಕ್ಕೆ ಬೆವರು ಸುರಿಸಿದವರಿಗೆ ಹೋಗ್ಬೇಕು ಅನ್ನೋದು ಎಂಬತ್ತು ವರ್ಷದ ಹಿಂದೆಯೇ ಅವರು ಮಾಡಿ ತೋರಿಸಿದ ಕೆಲಸ. ಫೋಟೋಗೆ ಹಾರ ಹಾಕೋರು ಈ ಕೆಲಸಾನೂ ಸ್ವಲ್ಪ ನೋಡ್ಲಿ.

*

ಎರಡು ಆಕ್ಷೇಪಣೆ ಬರುತ್ತೆ ಅಂತ ಗೊತ್ತು.

ಒಂದು, ಇಲಾಖೆ ವಕೀಲ ಇಲಾಖೆ ಪರ ಇರದೆ ಇನ್ಯಾರ ಪರ ಇರ್ಬೇಕು ಅನ್ನೋದು. ನ್ಯಾಯವಾದ ಪ್ರಶ್ನೆ. ಆದ್ರೆ ಬೆಟ್ಟ ಇಲಾಖೆಯ ಸ್ವಂತ ಆಸ್ತಿಯಲ್ಲ. ಸರ್ಕಾರ ನಿಸರ್ಗ ಸಂಪತ್ತಿನ ಧರ್ಮದರ್ಶಿ ಮಾತ್ರ, ಜನರ ಪರವಾಗಿ ಕಾಪಾಡೋನು ಅಂತ ಸುಪ್ರೀಂ ಕೋರ್ಟು 1996ರ ಕಮಲನಾಥ್ ಕೇಸಿನಲ್ಲೇ ಹೇಳಿದೆ. ಧರ್ಮದರ್ಶಿಯ ವಕೀಲನಿಗೆ ಭಕ್ತರ ಹಿತಾನೂ ಕಾಣಬೇಕು. ಇಲಾಖೆ ಹಿತಕ್ಕೂ ಜನರ ಹಿತಕ್ಕೂ ಡಿಕ್ಕಿ ಆಗೋ ಕಡೆ ಜನರಿಗೆ ಬೇರೆ ವಕೀಲ ಕೊಡಿ. ಅದಕ್ಕೆ ದಾರಿ ನಮ್ಮ ಕಾನೂನಿನಲ್ಲೇ ಇದೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ, 4(5)ನೇ ನಿಯಮ, ಸಂತ್ರಸ್ತರು ಬಯಸಿದ್ರೆ ಸರ್ಕಾರಿ ಖರ್ಚಿನಲ್ಲಿ ಹಿರಿಯ ವಕೀಲರನ್ನ ನೇಮಿಸೋಕೆ ಜಿಲ್ಲಾಧಿಕಾರಿಗೆ ಅವಕಾಶ ಕೊಡುತ್ತೆ. ಸರ್ಕಾರಿ ವಕೀಲರಿದ್ರೂ ಸಂತ್ರಸ್ತರಿಗೆ ನಂಬಿಕೆ ಇರೋ ವಕೀಲರು ಬೇಕಾಗಬಹುದು ಅಂತ ಅಲ್ಲಿ ಕಾನೂನೇ ಒಪ್ಕೊಂಡಿದೆ. ಗಣಿ ನಿಯಮದಲ್ಲೂ ಅದನ್ನೇ ಬರೀರಿ.

ಎರಡು, ಕ್ವಾರಿ ನಿಂತ್ರೆ ನಿಮ್ಮೋರ ಕೂಲಿನೇ ಹೋಗೋದು ಅನ್ನೋದು. ಇದು ನನಗೂ ಕಷ್ಟದ ಪ್ರಶ್ನೆ, ಸುಲಭ ಅಂತ ಸುಳ್ಳು ಹೇಳಲ್ಲ. ಆ ಕಾಲೋನಿಯಲ್ಲೇ ಹತ್ತಾರು ಹುಡುಗರು ಅದೇ ಕ್ವಾರಿಗೆ ಹೋಗ್ತಾರೆ. ಅರ್ಜಿಗೆ ಸಹಿ ಹಾಕಿ ಅಂದಾಗ ಒಬ್ಬ ಹುಡುಗ ನನ್ನ ಮುಖ ನೋಡಿ, "ಅಣ್ಣ, ನೀವು ಸಂಜೆ ಬಸ್ ಹತ್ತಿ ಹೋಗ್ತೀರ, ನಾಳೆ ಬೆಳಿಗ್ಗೆ ನಾನು ಅಲ್ಲಿಗೇ ಹೋಗ್ಬೇಕು" ಅಂದ. ಅವನಿಗೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ನಮ್ಮಲ್ಲೇ ಕೆಲವು ಮುಖಂಡರು ಮಾಲೀಕರ ಜೊತೆ ಕೂತು ರಾಜಿ ಮಾಡ್ಸಿ ಕಮಿಷನ್ ತಗೊಂಡಿದ್ದೂ ಉಂಟು. ಅದನ್ನ ಮುಚ್ಚಿಟ್ಟು ಹೋರಾಟ ಆಗಲ್ಲ.

ನಾನು ಕ್ವಾರಿ ಮುಚ್ಚಿ ಅಂತ ಕೇಳ್ತಿಲ್ಲ. ಸತ್ಯ ಅಳೆದು ಹೇಳಿ ಅಂತ ಕೇಳ್ತಿದ್ದೀನಿ. ಅಳತೆ ಆದ್ಮೇಲೆ ಎಲ್ಲಿ ನಡೀಬೇಕು, ಎಲ್ಲಿ ನಿಲ್ಲಬೇಕು, ಯಾರ ಸಹಕಾರ ಸಂಘಕ್ಕೆ ಲೀಸ್ ಹೋಗ್ಬೇಕು ಅಂತ ಮಾತಾಡ್ಬಹುದು. ಈಗ ಆ ಹುಡುಗ ಕೂಲಿಗೂ ನೀರಿಗೂ ನಡುವೆ ಒಂದನ್ನ ಆರಿಸ್ಕೋಬೇಕು. ಯಾವ ಮಾಲೀಕನ ಮಗನಿಗೂ ಆ ಆಯ್ಕೆ ಬಂದಿಲ್ಲ.

*

ಹಾಗಾಗಿ ಗಣಿ ನಿಯಮಗಳಿಗೆ ಮುಂದಿನ ಸಲ ಕೈ ಹಾಕಿದಾಗ ಈ ಐದು ಸೇರ್ಬೇಕು ಅಂತ ನನ್ನ ಬೇಡಿಕೆ:

1. ಗ್ರಾಮಸಭೆ ನಿರ್ಣಯ ಮಾಡಿ ಕೇಳಿದ್ರೆ ಇಲಾಖೆಯ ಭೂವಿಜ್ಞಾನಿ ಮತ್ತು ಅಂತರ್ಜಲ ವಿಜ್ಞಾನಿ ಒಟ್ಟಿಗೆ ಸ್ಥಳಕ್ಕೆ ಬರ್ಬೇಕು. ಇಂತಿಷ್ಟು ದಿನದಲ್ಲಿ ಕನ್ನಡದಲ್ಲಿ ವರದಿ ಕೊಡ್ಬೇಕು. ಅದು ಜನರ ಹಕ್ಕು ಅಂತ ಬರೀಬೇಕು.

2. ಕ್ವಾರಿ ಯೋಜನೆಯ ಕನ್ನಡ ಪ್ರತಿ ಪಂಚಾಯ್ತಿ ಕಚೇರಿಯಲ್ಲೂ ಕಾಲೋನಿಯಲ್ಲೂ ಅಂಟಿಸ್ಬೇಕು, ಮಂಜೂರಾತಿಗೆ ಮೊದಲು.

3. ಪಿಟಿಸಿಎಲ್ ಜಮೀನಾ ಅಂತ ತಹಶೀಲ್ದಾರರ ಲಿಖಿತ ದೃಢೀಕರಣ ಇಲ್ದೆ ಯಾವ ಒಪ್ಪಿಗೆ ಪತ್ರವನ್ನೂ ಇಲಾಖೆ ತಗೋಬಾರದು.

4. ಗಣಿಬಾಧಿತ ಎಸ್‌ಸಿ, ಎಸ್‌ಟಿ ಜನವಸತಿಗಳಿಗೆ ಸ್ವತಂತ್ರ ತಜ್ಞ ಮತ್ತು ಅವರೇ ಆರಿಸಿದ ವಕೀಲರ ಖರ್ಚು ಡಿಎಂಎಫ್‌ನಿಂದ ಬರ್ಬೇಕು.

5. ಸರ್ಕಾರಿ ವಕೀಲರ ನೇಮಕದಲ್ಲಿ ಪರಿಶಿಷ್ಟರ ಪಾಲು ಕಾಯ್ದೆಯಲ್ಲೇ ಇರ್ಬೇಕು, ಆದಾಯದ ಷರತ್ತು ಇಲ್ದೆ.

ಕೊನೆಗೆ ನಮ್ಮ ಪಾಲಿನ ಕೆಲಸ. ಈ ಬರಹಕ್ಕೆ ಲೈಕ್ ಒತ್ತಿ ಮುಂದೆ ಹೋಗ್ಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಕ್ವಾರಿ ಪಕ್ಕ ಕಾಲೋನಿ ಇದ್ರೆ ಮೂರು ವಿಷಯಕ್ಕೆ ಆರ್‌ಟಿಐ ಹಾಕಿ: ಕ್ವಾರಿ ಯೋಜನೆಯ ಪ್ರತಿ, ಲೀಸ್ ಆದ ಜಮೀನಿನ ಮೂಲ ಮಂಜೂರಾತಿ ದಾಖಲೆ, ನಿಮ್ಮ ಜಿಲ್ಲೆಯ ಡಿಎಂಎಫ್ ದುಡ್ಡು ಯಾವ ಊರಿಗೆ ಯಾವ ಕೆಲಸಕ್ಕೆ ಹೋಯ್ತು ಅಂತ. ಉತ್ತರ ಬಂದ ಮೇಲೆ ಮುಂದಿನ ಗ್ರಾಮಸಭೆಯಲ್ಲಿ ಓದಿ. ನಮ್ಮ ಯುವ ವಕೀಲರಿಗೆ ವಿಶೇಷವಾಗಿ ಹೇಳ್ತೀನಿ: ದೌರ್ಜನ್ಯ ಕೇಸುಗಳ ಜೊತೆ ಗಣಿ ಕಾನೂನೂ ಓದಿ. ಜಿಯಾಲಜಿ ಓದಿರೋ ನಮ್ಮ ಹುಡುಗ ಹುಡುಗಿಯರು ಇದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಒಂದು ಬೆಟ್ಟ ನೋಡೋಕೆ ಹೋಗ್ಬೇಕಿದೆ.

ಆ ಅಜ್ಜಿ ವಾಪಸ್ ಬರೋವಾಗ ಬಸ್ಸಲ್ಲಿ ನನ್ನ ಪಕ್ಕ ಕೂತಿದ್ರು. "ಮಗಾ, ಆ ಸಾಮಿ ಒಳ್ಳೇರು. ಆದ್ರೆ ಅವರು ನಮ್ಮೋರಲ್ಲ ಅಲ್ವಾ?" ಅಂದ್ರು. ಯಾವ ಅರ್ಥದಲ್ಲಿ ಕೇಳಿದ್ರು ಅಂತ ನಾನು ಕೇಳ್ಲಿಲ್ಲ. ಕಾಲೋನಿಗೆ ಈಗಲೂ ಟ್ಯಾಂಕರ್ ನೀರು, ವಾರಕ್ಕೆ ಎರಡು ಸಲ.

ಜೈ ಭೀಮ್.